‘ಅನಂತಕಾಲದ ಅಂಚಿನ ನಗರ’: ಎರಡು ಪಾಠಗಳು, ಒಂದು ಮುಕ್ತಾಯ

೧

ಹಳೆಯ ಗ್ರಂಥಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಪಾಠಾಂತರಗಳ ತೊಡಕು ಹೊಸದಲ್ಲ. ಕವಿಯ ಕೈಯಿಂದ ಹೊರಟ ಮಾತು ಪ್ರತಿಕಾರರ ಕೈಯಲ್ಲಿ ಮಾರ್ಪಟ್ಟು, ಬಹುಮಟ್ಟಿಗೆ ಕೆಟ್ಟು, ಎಲ್ಲಿಯೋ ಒಂದೊಂದೆಡೆ ಮೇಲಾಗಿಯೂ, ಮುಂದಿನವರಿಗೆ ದೊರೆಯುತ್ತದೆ. ಅಂಥಲ್ಲಿ ಕವಿಯದೇ ಆದ ಪಾಠವನ್ನು ಹುಡುಕಿ ನಿಲ್ಲಿಸುವುದು ಸಂಪಾದಕನ ಧರ್ಮ. ಆದರೆ ಕೃತಿಕಾರನ ಪಾಠವೂ ಅನ್ಯರು ತಿದ್ದಿದ ಪಾಠವೂ ಎರಡೂ ಸಮಗ್ರವಾಗಿ ಉಳಿದು, ತಿದ್ದಿದ ಪಾಠವನ್ನು ಕೃತಿಕಾರನು ಕೊನೆಯವರೆಗೂ ಒಪ್ಪದೆ ಹೋಗಿ, ಲೋಕವು ಮಾತ್ರ ಅದನ್ನೇ ಮೆಚ್ಚಿ ನೆನೆಯುತ್ತಿದ್ದರೆ, ಆಗ ವಿಮರ್ಶಕನು ಹೇಳಬೇಕಾದುದೇನು? ಈ ಪ್ರಶ್ನೆಯನ್ನು ನೇರವಾಗಿ ಮುಂದಿಡುವ ಕೃತಿಯೊಂದು ಇಪ್ಪತ್ತನೆಯ ಶತಮಾನದ ಅಮೆರಿಕ ದೇಶದಲ್ಲಿ, ಅದೂ ಪಂಡಿತರು ಸಾಮಾನ್ಯವಾಗಿ ಕಣ್ಣೆತ್ತಿ ನೋಡದ ದೂರದರ್ಶನದ ವಾರದ ಕಥೆಗಳ ನಡುವೆ ದೊರೆಯುತ್ತದೆ.

ಆ ಕೃತಿಯ ಹೆಸರು ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’. ಕನ್ನಡದಲ್ಲಿ ಅದನ್ನು ‘ಅನಂತಕಾಲದ ಅಂಚಿನ ನಗರ’ ಎನ್ನಬಹುದು. ಜೀನ್ ರಾಡನ್‌ಬರಿಯವರು ಕಲ್ಪಿಸಿದ ‘ಸ್ಟಾರ್ ಟ್ರೆಕ್’ ಎಂಬ ವಿಜ್ಞಾನಕಥಾಮಾಲಿಕೆ ಅಮೆರಿಕದ ಎನ್.ಬಿ.ಸಿ. ಸಂಸ್ಥೆಯಿಂದ ೧೯೬೬ರಿಂದ ೧೯೬೯ರವರೆಗೆ ಪ್ರಸಾರವಾಯಿತು. ಅದರ ೭೯ ಕಥೆಗಳಲ್ಲಿ ಪ್ರಕೃತ ಕಥೆ ೧೯೬೭ನೆಯ ಏಪ್ರಿಲ್ ೬ರಂದು, ಮೊದಲನೆಯ ವರ್ಷದ ಮಾಲೆ ಮುಗಿಯುವುದಕ್ಕೆ ಒಂದು ವಾರ ಮುಂಚೆ, ಬೆಳಕು ಕಂಡಿತು. ನಿರ್ದೇಶಕರು ಜೋಸೆಫ್ ಪೆವ್ನಿ. ಕರ್ತೃವೆಂದು ತೆರೆಯ ಮೇಲೆ ಕಾಣುವ ಹೆಸರು ಹಾರ್ಲನ್ ಎಲಿಸನ್ ಅವರದು. ಆದರೆ ಎಲಿಸನ್ನರು ಬರೆದುಕೊಟ್ಟ ನಾಟಕಪ್ರತಿ ಹಾಗೆಯೇ ತೆರೆಯನ್ನೇರಲಿಲ್ಲ. ಸ್ಟೀವನ್ ಕರಬಾಟ್ಸೋಸ್, ಜೀನ್ ಕೂನ್, ಡಿ. ಸಿ. ಫಾಂಟಾನ, ಕಡೆಯದಾಗಿ ರಾಡನ್‌ಬರಿ ಇವರೆಲ್ಲರ ಕೈ ಅದರ ಮೇಲೆ ಆಡಿತು. ತಮ್ಮ ಹೆಸರಿಗೆ ಬದಲಾಗಿ ‘ಕಾರ್ಡ್‌ವೇನರ್ ಬರ್ಡ್’ ಎಂಬ ಕಲ್ಪಿತನಾಮವನ್ನು ಹಾಕಬೇಕೆಂದು ಎಲಿಸನ್ನರು ಕೇಳಿದರು, ಅದು ನಡೆಯಲಿಲ್ಲ.

ಮುಂದೆ ನಡೆದುದು ವಿಚಿತ್ರ. ಪ್ರದರ್ಶಿತವಾದ ಪಾಠಕ್ಕೆ ೧೯೬೮ರಲ್ಲಿ ವಿಜ್ಞಾನಕಥಾಪ್ರಿಯರ ಹ್ಯೂಗೊ ಪ್ರಶಸ್ತಿ ಬಂದಿತು. ಕೃತಿಕಾರರು ಮೊದಲು ಬರೆದ ಪಾಠಕ್ಕೆ ಅಮೆರಿಕದ ಚಿತ್ರನಾಟಕ ಲೇಖಕರ ಸಂಘವು ತನ್ನ ಪ್ರಶಸ್ತಿಯನ್ನು ಕೊಟ್ಟಿತು. ಒಂದೇ ಕಥೆಯ ಎರಡು ಪಾಠಗಳನ್ನು ಎರಡು ಸಭೆಗಳು ಬೇರೆ ಬೇರೆಯಾಗಿ ಪುರಸ್ಕರಿಸಿದವು. ಮೂಲಪಾಠವು ೧೯೭೬ರಲ್ಲಿ ಒಂದು ನಾಟಕಸಂಕಲನದಲ್ಲಿಯೂ, ೧೯೯೬ರಲ್ಲಿ ಕರ್ತೃವಿನ ದೀರ್ಘವಾದ, ಕಟುವಾದ ಮುನ್ನುಡಿಯೊಡನೆ ಪ್ರತ್ಯೇಕ ಗ್ರಂಥವಾಗಿಯೂ ಅಚ್ಚಾಯಿತು. ಎಲಿಸನ್ನರು ೨೦೧೮ರಲ್ಲಿ ತೀರಿಕೊಂಡರು. ವಾದದಲ್ಲಿ ಭಾಗಿಗಳಾಗಿದ್ದ ಮುಖ್ಯರೆಲ್ಲರೂ ಈಗ ಇಲ್ಲವಾದುದರಿಂದ, ಯಾರಿಗೆ ಅನ್ಯಾಯವಾಯಿತೆಂಬುದನ್ನು ಬದಿಗಿಟ್ಟು, ಎರಡು ಪಾಠಗಳನ್ನೂ ಎದುರೆದುರಾಗಿ ಇರಿಸಿ ಗುಣದೋಷಗಳನ್ನು ನೋಡಲು ಅವಕಾಶವೊದಗಿದೆ.

೨

ಮೊದಲು ಪ್ರದರ್ಶಿತಪಾಠದ ಕಥಾಶರೀರ. ‘ಎಂಟರ್‌ಪ್ರೈಸ್’ ಎಂಬ ಆಕಾಶನೌಕೆ ಅಪರಿಚಿತ ಗ್ರಹವೊಂದರ ಸುತ್ತ ಕಾಲಪ್ರವಾಹದಲ್ಲಿ ಏಳುತ್ತಿರುವ ಕ್ಷೋಭೆಯನ್ನು ಪರೀಕ್ಷಿಸುತ್ತಿದೆ. ನೌಕೆ ಅಲುಗಾಡಿ ಚಾಲಕನು ಗಾಯಗೊಳ್ಳಲು, ವೈದ್ಯ ಮೆಕಾಯ್ ಅವನಿಗೆ ತೀವ್ರವಾದ ಔಷಧವೊಂದನ್ನು ಕೆಲವು ತೊಟ್ಟಿನಷ್ಟು ಚುಚ್ಚುತ್ತಾನೆ. ಮತ್ತೊಂದು ಅಲುಗಾಟದಲ್ಲಿ ಉಳಿದ ಔಷಧವೆಲ್ಲ ವೈದ್ಯನ ಮೈಗೇ ಸೇರಿಬಿಡುತ್ತದೆ. ಉನ್ಮತ್ತನಾದ ಅವನು ಗ್ರಹದ ಮೇಲಕ್ಕೆ ಓಡಿಹೋಗುತ್ತಾನೆ. ನಾಯಕ ಕರ್ಕ್, ಅವನ ಸಹಾಯಕನಾದ ಸ್ಪಾಕ್ ಮೊದಲಾದವರು ಬೆನ್ನಟ್ಟಿ ಬರುತ್ತಾರೆ. ಅಲ್ಲಿ ಪಾಳುಬಿದ್ದ ಕಂಬಗಳ ನಡುವೆ ನಿಂತಿರುವುದು ಕಲ್ಲಿನ ಬಳೆಯಂಥ ಒಂದು ದ್ವಾರ. ಅದೇ ಮಾತನಾಡುವ ಕಾಲದ ಕಾವಲುಗಾರ. ಅದರೊಳಗೆ ಭೂಮಿಯ ಚರಿತ್ರೆಯೆಲ್ಲ ಚಿತ್ರಪಟದಂತೆ ಹಾದುಹೋಗುತ್ತದೆ. ಮೆಕಾಯ್ ಅದರೊಳಕ್ಕೆ ನೆಗೆದ ಕ್ಷಣದಲ್ಲಿಯೇ ಮೇಲಿದ್ದ ನೌಕೆ ಇಲ್ಲವಾಗುತ್ತದೆ. ಅವನು ಹಿಂದಿನ ಕಾಲದಲ್ಲಿ ಏನನ್ನೋ ಬದಲಿಸಿದುದರಿಂದ ಅವರ ಲೋಕವೇ ಹುಟ್ಟದೆ ಹೋಗಿದೆ.

ಅದನ್ನು ಸರಿಪಡಿಸಲು ಕರ್ಕ್ ಮತ್ತು ಸ್ಪಾಕ್ ಇಬ್ಬರೂ ಅದೇ ದ್ವಾರವನ್ನು ಹೊಕ್ಕು, ಮೆಕಾಯ್ ಬರುವುದಕ್ಕೆ ಕೆಲವು ದಿನ ಮೊದಲು, ೧೯೩೦ರ ನ್ಯೂಯಾರ್ಕಿನ ಬೀದಿಗೆ ಬಂದಿಳಿಯುತ್ತಾರೆ. ಅದು ೧೯೨೯ರ ಆರ್ಥಿಕ ಕುಸಿತದ ಮರುವರ್ಷ. ಕೆಲಸವಿಲ್ಲದವರು ಗಂಜಿಗಾಗಿ ಸಾಲುನಿಲ್ಲುತ್ತಿದ್ದ ಕಾಲ. ೨೧ನೆಯ ಬೀದಿಯಲ್ಲಿ ಅನ್ನಸತ್ರವನ್ನು ನಡೆಸುತ್ತಿರುವ ಈಡಿತ್ ಕೀಲರ್ ಎಂಬ ತರುಣಿ ಅವರಿಗೆ ಗಂಟೆಗೆ ೧೫ ಸೆಂಟುಗಳ ಕೂಲಿಯ ಕೆಲಸವನ್ನು ಕೊಟ್ಟು ಆಶ್ರಯ ನೀಡುತ್ತಾಳೆ. ಹಸಿದವರಿಗೆ ಸಾರು ಬಡಿಸಿ, ಅದರೊಡನೆ ಆಕೆ ಭವಿಷ್ಯದ ಮಾತನ್ನೂ ಬಡಿಸುತ್ತಾಳೆ: ಪರಮಾಣುವಿನ ಶಕ್ತಿ ಮಾನವನ ಕೈಸೇರುವುದು, ಅವನು ನಕ್ಷತ್ರಗಳ ಕಡೆಗೆ ಹೊರಡುವನು, ಹಸಿವೂ ರೋಗವೂ ನೀಗುವುವು. ಕೇಳುವವರಿಗೆ ಅದು ಹಗಲುಗನಸು. ಕರ್ಕನಿಗೆ ಮಾತ್ರ ಅದು ತಾನು ಹುಟ್ಟಿ ಬೆಳೆದ ಲೋಕದ ವರ್ಣನೆ. ಅವರಿಬ್ಬರಲ್ಲಿ ಪ್ರೀತಿ ಅಂಕುರಿಸುತ್ತದೆ.

ಇತ್ತ ಸ್ಪಾಕ್ ಆ ಕಾಲದ ರೇಡಿಯೋ ಬಿಡಿಭಾಗಗಳಿಂದ ಯಂತ್ರವೊಂದನ್ನು ಕಟ್ಟಿ, ತನ್ನಲ್ಲಿರುವ ಚರಿತ್ರೆಯ ದಾಖಲೆಯನ್ನು ಓದುತ್ತಾನೆ. ಈಡಿತಳಿಗೆ ಎರಡು ಭವಿಷ್ಯಗಳು ಕಾಣುತ್ತವೆ. ಒಂದರಲ್ಲಿ ಆಕೆ ೧೯೩೦ರಲ್ಲಿಯೇ ವಾಹನಾಪಘಾತದಲ್ಲಿ ಮಡಿಯುತ್ತಾಳೆ. ಇನ್ನೊಂದರಲ್ಲಿ ಬದುಕಿ ಉಳಿದು, ಆರು ವರ್ಷಗಳ ಮೇಲೆ ರಾಷ್ಟ್ರಾಧ್ಯಕ್ಷನೊಡನೆ ಸಮಾಲೋಚಿಸುವಷ್ಟು ದೊಡ್ಡವಳಾಗುತ್ತಾಳೆ. ಆಕೆ ಆರಂಭಿಸಿದ ಶಾಂತಿ ಚಳವಳಿಯಿಂದ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ತಡವಾಗಿ ಇಳಿಯುತ್ತದೆ. ಆ ಅವಧಿಯಲ್ಲಿ ಜರ್ಮನಿ ಭಾರಜಲದ ಪ್ರಯೋಗಗಳನ್ನು ಪೂರೈಸಿ ಪರಮಾಣು ಬಾಂಬನ್ನು ಮೊದಲು ಪಡೆದು ಲೋಕವನ್ನೇ ಗೆಲ್ಲುತ್ತದೆ. ಚರಿತ್ರೆ ತನ್ನ ಹಾದಿಗೆ ಮರಳಬೇಕಾದರೆ ಈಡಿತ್ ಸಾಯಬೇಕು. ಕೊನೆಗೆ, ಚೇತರಿಸಿಕೊಂಡ ಮೆಕಾಯ್ ಸತ್ರದ ಬಾಗಿಲಲ್ಲಿ ಕಾಣಿಸಿಕೊಂಡಾಗ ಗೆಳೆಯರು ಮೂವರೂ ತಬ್ಬಿಕೊಳ್ಳುತ್ತಾರೆ. ಅದನ್ನು ಕಂಡು ಬೆರಗಾದ ಈಡಿತ್ ಬೀದಿಯನ್ನು ದಾಟಿ ಅವರತ್ತ ಬರುತ್ತಾಳೆ. ಲಾರಿಯೊಂದು ಬರುತ್ತಿರುವುದು ಆಕೆಗೆ ಕಾಣುವುದಿಲ್ಲ. ಮೆಕಾಯ್ ರಕ್ಷಿಸಲು ನುಗ್ಗುತ್ತಾನೆ. ಕರ್ಕ್ ಅವನನ್ನು ಹಿಡಿದು ನಿಲ್ಲಿಸುತ್ತಾನೆ. ಈಡಿತ್ ಮಡಿಯುತ್ತಾಳೆ.

೩

ಎಲಿಸನ್ನರ ಮೂಲಪಾಠದಲ್ಲಿ ಕಥೆಯ ಮೊದಲೂ ಕೊನೆಯೂ ಬೇರೆ. ಅಲ್ಲಿ ಕಾಲದ ದ್ವಾರವನ್ನು ಹೊಕ್ಕು ಓಡುವವನು ವೈದ್ಯನಲ್ಲ. ಬೆಕ್ವಿತ್ ಎಂಬ ನೌಕಾಧಿಕಾರಿ. ಅವನು ಮಾದಕವಸ್ತುವನ್ನು ಮಾರುವ ದುಷ್ಟ. ಗುಟ್ಟು ಬಯಲಾಗುವುದೆಂಬ ಭಯದಿಂದ ಜೊತೆಗಾರನೊಬ್ಬನನ್ನು ಕೊಂದವನು. ಮೂಲದಲ್ಲಿ ಮಾದಕವಸ್ತುವನ್ನು ಮಾರುವವನು ಮಾಲಿಕೆಯ ಜನಪ್ರಿಯ ಪಾತ್ರವಾದ ಸ್ಕಾಟ್ ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅಚ್ಚಾದ ಪಾಠವನ್ನು ಓದಿದವರಿಗೆ ಅದು ಸುಳ್ಳೆಂಬುದು ಕೂಡಲೆ ವಿದಿತವಾಗುತ್ತದೆ. ಕಾಲವನ್ನು ಕಾಯುವವರು ಮೂಲದಲ್ಲಿ ಕಲ್ಲಿನ ದ್ವಾರವಲ್ಲ, ವೃದ್ಧರಾದ ನೀಳಕಾಯರು. ಚರಿತ್ರೆ ಕದಡಿದಾಗ ಮೇಲೆ ಇರುವುದು ಬರಿದಾದ ಆಕಾಶವಲ್ಲ, ಕಳ್ಳರು ತುಂಬಿದ ಮತ್ತೊಂದು ನೌಕೆ. ಮೊದಲನೆಯ ಮಹಾಯುದ್ಧದಲ್ಲಿ ಕಾಲುಗಳನ್ನು ಕಳೆದುಕೊಂಡು ನ್ಯೂಯಾರ್ಕಿನ ಬೀದಿಯಲ್ಲಿ ಬದುಕುತ್ತಿರುವ ಹಳೆಯ ಸೈನಿಕನೊಬ್ಬನು ಮೂಲದಲ್ಲಿ ಮುಖ್ಯಪಾತ್ರ; ಅವನ ವಿಚಾರ ಮುಂದೆ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಭೇದ ಮುಕ್ತಾಯದಲ್ಲಿದೆ. ಲಾರಿ ಬರುವ ಕ್ಷಣದಲ್ಲಿ ಈಡಿತಳನ್ನು ಉಳಿಸಲು ಮುಂದಾಗುವವನು ಕೊಲೆಗಾರನಾದ ಬೆಕ್ವಿತ್. ಕರ್ಕನಿಗೆ ಕೈಕಾಲು ಆಡುವುದಿಲ್ಲ. ಅವನು ಸ್ತಬ್ಧನಾಗಿ ನಿಲ್ಲುತ್ತಾನೆ. ಬೆಕ್ವಿತನನ್ನು ತಡೆಯುವವನು ಸ್ಪಾಕ್. ಪ್ರೇಮಕ್ಕೂ ಕರ್ತವ್ಯಕ್ಕೂ ಹೋರಾಟ ನಡೆದು, ನಾಯಕನಲ್ಲಿ ಗೆದ್ದುದು ಪ್ರೇಮ. ಲೋಕವನ್ನು ಉಳಿಸಿದವನು ಪ್ರೇಮವನ್ನರಿಯದೆಂದು ಹೆಸರಾದ ಗೆಳೆಯ. ಬಳಿಕ ಆ ಗೆಳೆಯನೇ ನಾಯಕನಿಗೆ ಸಮಾಧಾನವನ್ನೂ ಹೇಳುತ್ತಾನೆ: ಯಾವ ಹೆಣ್ಣಿಗೂ ಇಷ್ಟು ದೊಡ್ಡ ಪ್ರೀತಿ ಸಂದಿಲ್ಲ, ಒಬ್ಬಳಿಗಾಗಿ ಇಡೀ ವಿಶ್ವವನ್ನೇ ತೆರಲು ಒಬ್ಬನು ಸಿದ್ಧನಾಗಿದ್ದನಷ್ಟೆ, ಎಂಬುದು ಅದರ ತಾತ್ಪರ್ಯ.

ಈ ಕಲ್ಪನೆ ಸಾಮಾನ್ಯವಾದುದಲ್ಲ. ದುಷ್ಟನ ಬಾಳಿನಲ್ಲಿ ಒಂದೇ ಒಂದು ಸತ್ಕಾರ್ಯದ ಗಳಿಗೆ ಬರುತ್ತದೆ. ಲೋಕದ ಉಳಿವಿಗೆ ಆ ಸತ್ಕಾರ್ಯವೇ ಅಡ್ಡಿಯಾಗಿ ನಿಲ್ಲುತ್ತದೆ. ಇಷ್ಟು ತೀಕ್ಷ್ಣವಾದ ವೈದೃಶ್ಯವನ್ನು ಕಂಡ ಕರ್ತೃವಿನ ಪ್ರತಿಭೆಯನ್ನು ಲೇಖಕರ ಸಂಘವು ಗೌರವಿಸಿದುದು ಯುಕ್ತವೇ ಆಗಿದೆ.

೪

ಹಾಗಾದರೆ ತಿದ್ದಿದ ಮುಕ್ತಾಯವೇ ಜನರ ಮನಸ್ಸಿನಲ್ಲಿ ನಿಂತುದೇಕೆ? ಅದು ತೆರೆಯ ಮೇಲೆ ಕಂಡಿತು, ಇದು ಕಾಗದದಲ್ಲಿ ಉಳಿಯಿತು ಎಂಬ ಉತ್ತರ ಸಾಲದು. ಕಾರಣವು ರಚನೆಯಲ್ಲಿಯೇ ಇದೆ.

ರುದ್ರನಾಟಕದ ಕ್ರಿಯೆಯನ್ನು ಕುರಿತು ಅರಿಸ್ಟಾಟಲನು ಮಾಡಿರುವ ವಿಭಾಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಪ್ತರ ನಡುವೆ ನಡೆಯುವ ಘೋರಕೃತ್ಯವೇ ಭಯಕರುಣೆಗಳಿಗೆ ತಕ್ಕ ನೆಲೆಯೆಂದು ಹೇಳಿ, ಆ ಕೃತ್ಯವು ತಿಳಿದು ನಡೆಯುವುದೇ, ತಿಳಿಯದೆ ನಡೆಯುವುದೇ, ನಡೆಯದೆ ನಿಲ್ಲುವುದೇ ಎಂದು ಅವನು ಭೇದಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು, ಎಲ್ಲವನ್ನೂ ತಿಳಿದು ಮಾಡಹೊರಟು ಕೊನೆಗೆ ಮಾಡದೆ ಉಳಿಯುವುದು. ಸೋಫೋಕ್ಲೀಸನ ‘ಆಂಟಿಗನೆ’ಯಲ್ಲಿ ಹೀಮನ್ ತಂದೆಯ ಮೇಲೆ ಕತ್ತಿಯೆತ್ತಿ ಹೊಡೆಯದೆ ಹೋದುದು ಅದಕ್ಕೆ ಅವನು ಕೊಡುವ ನಿದರ್ಶನ. ಮೂಲಪಾಠದ ಕರ್ಕ್ ನಿಲ್ಲುವುದು ಬಹುಮಟ್ಟಿಗೆ ಆ ಜಾಗದಲ್ಲಿ. ಈಡಿತ್ ಸಾಯಬೇಕೆಂಬುದನ್ನು ಅವನು ಬಲ್ಲ; ಅದಕ್ಕೆ ಬೇಕಾದುದನ್ನು ತಾನು ಮಾಡಲಾರ; ಇನ್ನೊಬ್ಬರು ಮಾಡುತ್ತಾರೆ. ನೋಡುವವರ ಕರುಣೆ ಅವನಿಗೆ ಸಲ್ಲುತ್ತದೆ; ಆದರೆ ಕೃತ್ಯದ ಭಾರ ಅವನ ಹೆಗಲಿಗೆ ಬೀಳುವುದಿಲ್ಲ. ದುಃಖವುಂಟು, ಹೊಣೆಯಿಲ್ಲ.

ಪ್ರದರ್ಶಿತಪಾಠದಲ್ಲಿ ಹೊಣೆಯೆಲ್ಲ ಒಂದು ಜೊತೆ ಕೈಗಳಿಗೆ ಬಂದು ಸೇರುತ್ತದೆ. ಲಾರಿಯ ಸದ್ದು ಕೇಳಿದೊಡನೆ ಕರ್ಕ್ ಮೊದಲು ಈಡಿತಳತ್ತ ತಿರುಗುತ್ತಾನೆ, ಸ್ಪಾಕ್ ಅವನ ಹೆಸರು ಹಿಡಿದು ಬೇಡವೆನ್ನುತ್ತಾನೆ, ಅವನು ನಿಲ್ಲುತ್ತಾನೆ. ಕಥೆ ಇಷ್ಟಕ್ಕೇ ಮುಗಿದಿದ್ದರೆ ಇದೂ ಸ್ತಬ್ಧನಾದವನ ಕಥೆಯೇ ಆಗುತ್ತಿತ್ತು. ಆದರೆ ಮೆಕಾಯ್ ನುಗ್ಗುತ್ತಾನೆ. ಆಗ ಸುಮ್ಮನೆ ನಿಂತರೆ ಈಡಿತ್ ಉಳಿಯುತ್ತಾಳೆ. ಏನನ್ನೂ ಮಾಡದಿರುವುದರ ಆಸರೆಯೂ ಕರ್ಕನಿಗೆ ತಪ್ಪಿಹೋಯಿತು. ಅವನು ಕೈಚಾಚಿ ಗೆಳೆಯನನ್ನು ಹಿಡಿಯಲೇಬೇಕು. ತಡೆಯುವುದೇ ಇಲ್ಲಿ ಕೊಲ್ಲುವುದಕ್ಕೆ ಸಮನಾದ ಕ್ರಿಯೆ. ಬೆಕ್ವಿತನ ಸ್ಥಾನದಲ್ಲಿ ಮೆಕಾಯನನ್ನು ತಂದು ನಿಲ್ಲಿಸಿದುದರ ಸಾರ್ಥಕ್ಯವೂ ಇಲ್ಲಿಯೇ ತಿಳಿಯುತ್ತದೆ. ದುಷ್ಟನೊಬ್ಬನನ್ನು ತಡೆದರೆ ಅದು ವಿಧಿಯ ವಕ್ರತೆ ಮಾತ್ರ. ವೈದ್ಯನನ್ನು ತಡೆಯುವುದೆಂದರೆ ಪ್ರಾಣವನ್ನು ಉಳಿಸುವ ಅವನ ಸ್ವಧರ್ಮವನ್ನೇ ತಡೆದಂತೆ. ಆ ವೈದ್ಯನು ಕರ್ಕನ ಪರಮಾಪ್ತ. ಈಡಿತಳ ಆರೈಕೆಯಿಂದಲೇ ಬದುಕಿಕೊಂಡವನು. ಆದುದರಿಂದ ಒಂದೇ ಹಿಡಿತದಲ್ಲಿ ಮೂರು ಆಪ್ತಸಂಬಂಧಗಳು ಏಕಕಾಲದಲ್ಲಿ ನೋಯುತ್ತವೆ. ನೀನೇನು ಮಾಡಿದೆಯೆಂಬ ಅರಿವಿದೆಯೇ ಎಂದು ಮೆಕಾಯ್ ಕೇಳಿದಾಗ ಕರ್ಕ್ ಬಾಯಿ ತೆರೆಯಲಾರ. ಅವನಿಗೆ ಗೊತ್ತಿದೆಯೆಂದು ಸ್ಪಾಕ್ ಹೇಳುತ್ತಾನೆ. ಮೂಲದಲ್ಲಿ ಸ್ಪಾಕನ ಮಾತು ಸಾಂತ್ವನವಾಗಿತ್ತು, ಇಲ್ಲಿ ಸಾಕ್ಷ್ಯವಾಗಿದೆ.

ಈ ಮುಕ್ತಾಯ ಆಕಸ್ಮಿಕವಾಗಿ ಬಂದುದಲ್ಲ. ಅದಕ್ಕೆ ಮೊದಲೇ ಮೆಟ್ಟಿಲಿನ ಒಂದು ಪುಟ್ಟ ಸನ್ನಿವೇಶವಿದೆ. ಈಡಿತ್ ಮೆಟ್ಟಿಲಿಳಿಯುವಾಗ ಎಡವುತ್ತಾಳೆ. ಕರ್ಕ್ ಯೋಚಿಸದೆ ಅವಳನ್ನು ಹಿಡಿದುಕೊಳ್ಳುತ್ತಾನೆ. ಆಗಲೇ ಆಕೆ ಸಾಯಬೇಕಾಗಿತ್ತೋ ಏನೋ ಎಂದು ಸ್ಪಾಕ್ ಎಚ್ಚರಿಸುತ್ತಾನೆ. ಆಗ ಹಿಡಿದು ಉಳಿಸಿದ ಕೈಯೇ ಕೊನೆಯಲ್ಲಿ ಹಿಡಿದು ಕೊಲ್ಲುತ್ತದೆ. ನೆರವಾಗಲು ಅವಕಾಶ ಕೊಡು ಎಂಬ ಮಾತನ್ನು ಮುಂದಿನ ಶತಮಾನದ ಒಬ್ಬ ಕಾದಂಬರಿಕಾರನು ಪ್ರೇಮನಿವೇದನೆಗಿಂತ ಹಿರಿದೆಂದು ಹೊಗಳುವನೆಂದು ಕರ್ಕ್ ಈಡಿತಳಿಗೆ ಹೇಳಿರುತ್ತಾನೆ. ನೆರವು ಬೇಕಾದ ಗಳಿಗೆಯಲ್ಲಿ ನೆರವನ್ನು ತಡೆಯುವವನು ಅವನೇ. ಮೆಕಾಯನ ಹೆಸರು ಕೇಳಿ ರಸ್ತೆಯನ್ನು ದಾಟಿ ಓಡುವಾಗ, ಇಲ್ಲಿಯೇ ನಿಂತಿರು ಎಂದು ಅವಳಿಗೆ ಹೇಳಿ ಹೋದವನೂ ಅವನೇ. ಅವಳು ನಿಂತಿದ್ದರೆ ಬದುಕುತ್ತಿದ್ದಳು. ಗೆಳೆಯರ ಸಮಾಗಮದ ಸಂತೋಷವೇ ಅವಳನ್ನು ಬೀದಿಗೆ ಎಳೆದು ತಂದಿತು. ಮೂರು ಸನ್ನಿವೇಶಗಳಲ್ಲಿಯೂ ಹೇತುವಿಗೆ ಹೇತು ಹೊಂದಿಕೊಂಡು, ಸಂವಿಧಾನದ ಎಳೆಯೊಂದೂ ಸಡಿಲವಾಗಿಲ್ಲ.

ಈ ಸನ್ನಿವೇಶಕ್ಕೆ ಹಳೆಯ ಸಾಹಿತ್ಯದಲ್ಲಿ ಹತ್ತಿರದ ಸಂಬಂಧಿಕರಿಲ್ಲದಿಲ್ಲ. ಈಸ್ಕಿಲಸನ ನಾಟಕದಲ್ಲಿ ಅಗಮೆಮ್ನನ್ ತನ್ನ ನೌಕೆಗಳು ಮುಂದೆ ಸಾಗಲೆಂದು ಮಗಳಾದ ಇಫಿಜೀನಿಯಳನ್ನು ಬಲಿಕೊಟ್ಟವನು. ಇಲ್ಲಿಯೂ ಬಲಿಯಾದೊಡನೆ ಮರೆಯಾಗಿದ್ದ ನೌಕೆ ಮತ್ತೆ ಆಕಾಶದಲ್ಲಿದೆ. ಆದರೆ ಅಗಮೆಮ್ನನನದು ಪರದೇಶದ ಮೇಲಿನ ದಂಡಯಾತ್ರೆ. ಅದನ್ನು ಬಿಟ್ಟಿದ್ದರೆ ಲೋಕವೇನೂ ಮುಳುಗುತ್ತಿರಲಿಲ್ಲ. ಭವಭೂತಿಯ ರಾಮನು ಇನ್ನೂ ಹತ್ತಿರದವನು. ಸೀತೆ ನಿರ್ದೋಷಿಯೆಂಬುದನ್ನು ಚೆನ್ನಾಗಿ ಬಲ್ಲವನೇ ಅವಳನ್ನು ಕಾಡಿಗೆ ಕಳುಹಿದನು. ಈಡಿತಳ ಮಾರ್ಗವೇ ಸರಿಯೆಂಬುದನ್ನು ಒಪ್ಪಿದವನೇ ಅವಳನ್ನು ಸಾಯಗೊಟ್ಟನು. ‘ಉತ್ತರರಾಮಚರಿತ’ದಲ್ಲಿ ರಾಮನ ಶೋಕಕ್ಕೆ ಮಾತಿನ ಹೊಳೆಯೇ ಹರಿದು, ಕಡೆಯಲ್ಲಿ ಪುನಸ್ಸಮಾಗಮವೂ ದೊರೆಯುತ್ತದೆ. ಇಲ್ಲಿ ಎರಡೂ ಇಲ್ಲ. ಕರುಣರಸವನ್ನು ಭವಭೂತಿ ವಿಸ್ತಾರದಿಂದ ಸಾಧಿಸಿದನು. ಈ ಕಥೆ ಅದನ್ನು ಸಂಕೋಚದಿಂದ ಸಾಧಿಸುತ್ತದೆ.

೫

ಈ ಕಥೆಯ ಮೇಲೆ ಗುರುತರವಾದ ಒಂದು ಆಕ್ಷೇಪವಿದೆ. ಕಥೆ ಪ್ರಸಾರವಾದುದು ವಿಯೆಟ್ನಾಂ ಯುದ್ಧದ ನಡುವೆ. ಅದಕ್ಕೆ ಎರಡೇ ದಿನ ಹಿಂದೆ, ೧೯೬೭ನೆಯ ಏಪ್ರಿಲ್ ೪ರಂದು, ಅದೇ ನ್ಯೂಯಾರ್ಕ್ ನಗರದ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗರು ಆ ಯುದ್ಧವನ್ನು ಖಂಡಿಸಿ ಪ್ರಸಿದ್ಧವಾದ ಉಪನ್ಯಾಸವನ್ನು ಮಾಡಿದರು. ಅಂಥ ದಿನಗಳಲ್ಲಿ, ಬಡವರಿಗೆ ಅನ್ನವಿಕ್ಕುವ ಶಾಂತಿವಾದಿನಿಯೊಬ್ಬಳು ಬದುಕಿದರೆ ಲೋಕವು ಹಿಟ್ಲರನ ವಶವಾಗುವುದು, ಅವಳು ಸತ್ತರೆ ಕ್ಷೇಮ ಎಂದು ಮನೆಮನೆಯ ತೆರೆಯ ಮೇಲೆ ತೋರಿಸುವುದು ಯುದ್ಧಪಕ್ಷಪಾತವಲ್ಲವೇ? ವಿಮರ್ಶಕರಾದ ಎಚ್. ಬ್ರೂಸ್ ಫ್ರಾಂಕ್ಲಿನ್ ಈ ಮಾಲಿಕೆಯ ಕಥೆಗಳನ್ನು ವಿಯೆಟ್ನಾಂ ಕಾಲದ ಬೆಳಕಿನಲ್ಲಿ ಪರಿಶೀಲಿಸಿ, ಪ್ರಕೃತ ಕಥೆಯಲ್ಲಿ ಯುದ್ಧವಿರೋಧಕ್ಕೆ ಪ್ರತಿಕೂಲವಾದ ಧ್ವನಿಯನ್ನು ಕಂಡಿದ್ದಾರೆ.

ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಕಥೆಯ ಆಧಾರ ದುರ್ಬಲವಾದುದು. ಅಮೆರಿಕವನ್ನು ಯುದ್ಧಕ್ಕೆಳೆದುದು ೧೯೪೧ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಜಪಾನು ಮಾಡಿದ ದಾಳಿ. ಅಂಥ ದಾಳಿಯ ಎದುರಿನಲ್ಲಿ ಒಬ್ಬಳ ಉಪದೇಶ ಎಷ್ಟು ಕಾಲ ನಿಲ್ಲುತ್ತಿತ್ತೆಂಬುದು ಸಂದೇಹ. ಜರ್ಮನಿಗೆ ಭಾರಜಲವನ್ನು ಒದಗಿಸುತ್ತಿದ್ದ ನಾರ್ವೆಯ ವೆಮೊರ್ಕ್ ಕಾರ್ಖಾನೆಯಲ್ಲಿ ೧೯೪೩ರ ಫೆಬ್ರುವರಿಯಲ್ಲಿ ವಿಧ್ವಂಸ ನಡೆಸಿದವರು ನಾರ್ವೆಯ ಸೈನಿಕರು. ಜರ್ಮನಿ ಬಾಂಬನ್ನು ಪಡೆಯದೆ ಹೋದುದಕ್ಕೆ ಬೇರೆ ಅನೇಕ ಕಾರಣಗಳುಂಟು. ಶಾಂತಿಯ ಕಾಲವಿನ್ನೂ ಬಂದಿಲ್ಲ ಎಂಬ ಮಾತನ್ನು ಪ್ರತಿಯೊಂದು ಯುಗದಲ್ಲಿಯೂ ಆಳುವವರು ಹೇಳುತ್ತಲೇ ಬಂದಿದ್ದಾರೆ. ೧೯೬೭ರ ಪ್ರೇಕ್ಷಕನು ಕಥೆಯ ಬಾಯಲ್ಲಿ ಅದನ್ನೇ ಕೇಳಿದ್ದರೆ ಅದು ಅವನ ತಪ್ಪಲ್ಲ.

ಇದಕ್ಕೆ ಸಮಾಧಾನ ಎರಡು ಬಗೆ. ಮೊದಲನೆಯದು, ಕಥೆ ಈಡಿತಳ ಮತವನ್ನು ಎಲ್ಲಿಯೂ ಸುಳ್ಳೆನ್ನುವುದಿಲ್ಲ. ಅವಳ ಹಾದಿಯೇ ಸರಿಯಾದುದೆಂದು ಕರ್ಕ್ ಹೇಳುತ್ತಾನೆ. ಸರಿಯೇ, ಆದರೆ ಅಕಾಲದಲ್ಲಿ ಬಂದುದೆಂದು ಸ್ಪಾಕ್ ಒಪ್ಪುತ್ತಾನೆ. ಸುಳ್ಳಿಗಾಗಿ ಸತ್ತವಳ ಕಥೆಯಾಗಿದ್ದರೆ ಇದು ನೀತಿಕಥೆಯಾಗುತ್ತಿತ್ತು. ನಿಜಕ್ಕಾಗಿ ಸತ್ತುದರಿಂದಲೇ ರುದ್ರಕಥೆಯಾಯಿತು. ಅಲ್ಲದೆ ಈಡಿತ್ ಸತ್ರದಲ್ಲಿ ನಿಂತು ವರ್ಣಿಸಿದ ಭವಿಷ್ಯ ಯಾವುದು? ಅದು ಕರ್ಕನು ಬಂದ ಲೋಕವೇ. ಅವನು ಅವಳನ್ನು ತೆತ್ತು ಪಡೆದುದು ಅವಳ ಕನಸನ್ನು. ಕನಸು ನನಸಾಗಲು ಕನಸು ಕಂಡವಳೇ ಅಡ್ಡಿಯೆಂಬುದಕ್ಕಿಂತ ಕಠಿನವಾದ ವಿಪರ್ಯಾಸವನ್ನು ಕಲ್ಪಿಸುವುದು ಕಷ್ಟ.

ಎರಡನೆಯದು, ಸ್ಪಾಕನ ಯಂತ್ರವು ಕೊಡುವಂಥ ನಿಶ್ಚಿತಜ್ಞಾನ ಲೋಕವ್ಯವಹಾರದಲ್ಲಿ ಯಾವ ಅರಸನಿಗೂ ಯಾವ ಮಂತ್ರಿಗೂ ಇಲ್ಲ. ಒಬ್ಬಳು ಉಳಿದರೆ ಇಂಥ ವರ್ಷದಲ್ಲಿ ಇಂಥದು ನಡೆಯುವುದೆಂದು ಯಾರೂ ಓದಿ ಹೇಳಲಾರರು. ಆದುದರಿಂದ ಕಥೆಯೊಳಗಿನ ನಿರ್ಣಯವನ್ನು ಹೊರಗಿನ ರಾಜಕಾರಣಕ್ಕೆ ಪ್ರಮಾಣವಾಗಿ ಎತ್ತಿಕೊಳ್ಳುವುದು ಯುಕ್ತವಲ್ಲ. ವಿಜ್ಞಾನಕಥೆಯ ಕಲ್ಪನೆ ಇಲ್ಲಿ ಮಾಡಿರುವುದು ಸಂದೇಹವನ್ನು ತೆಗೆದುಹಾಕಿ ಧರ್ಮಸಂಕಟವನ್ನು ಶುದ್ಧರೂಪದಲ್ಲಿ ತೋರಿಸುವ ಕೆಲಸ. ಗ್ರೀಕರ ನಾಟಕದಲ್ಲಿ ಈ ಕೆಲಸವನ್ನು ದೇವವಾಣಿ ಮಾಡುತ್ತಿತ್ತು. ಕರ್ತೃವಿನ ಅಭಿಪ್ರಾಯದ ಪ್ರಶ್ನೆಯನ್ನೆತ್ತಿದರೆ, ೧೯೬೮ರಲ್ಲಿ ‘ಗ್ಯಾಲಕ್ಸಿ’ ಪತ್ರಿಕೆಯಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಹೆಸರು ಹಾಕಿದ ವಿಜ್ಞಾನಕಥಾಲೇಖಕರಲ್ಲಿ ಎಲಿಸನ್ನರೂ ಒಬ್ಬರೆಂಬುದನ್ನು ನೆನೆಯಬೇಕು.

೬

ಮುಕ್ತಾಯದಲ್ಲಿ ತಿದ್ದಿದವರು ಗೆದ್ದರೆಂದ ಮಾತ್ರಕ್ಕೆ ಎಲ್ಲೆಡೆಯೂ ಗೆದ್ದರೆಂದಲ್ಲ. ಕೆಲವು ಸಣ್ಣ ತಪ್ಪುಗಳನ್ನು ಬೇಗ ದಾಟಬಹುದು: ೧೯೩೦ರ ಬೀದಿಯಲ್ಲಿ ಕೇಳಿಬರುವ ‘ಗುಡ್‌ನೈಟ್ ಸ್ವೀಟ್‌ಹಾರ್ಟ್’ ಎಂಬ ಹಾಡು ಹೊರಬಿದ್ದುದು ೧೯೩೧ರಲ್ಲಿ, ಈಡಿತ್ ನೋಡಹೊರಟ ಚಿತ್ರದ ನಟ ಕ್ಲಾರ್ಕ್ ಗೇಬಲ್ ಆ ವರ್ಷ ಇನ್ನೂ ಹೆಸರಾಗಿರಲಿಲ್ಲ. ಕಥೆಯೆಲ್ಲಕ್ಕೂ ಮೂಲವಾದ ಔಷಧದ ಅಪಘಾತ ಮೂಲಪಾಠದ ಕೊಲೆಯಷ್ಟು ಬಲವಾದ ಹೇತುವಲ್ಲ. ನುರಿತ ವೈದ್ಯನು ಅಲುಗಾಡುವ ನೌಕೆಯಲ್ಲಿ ಅಂಥ ಔಷಧವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದನೆಂಬುದು ಕಥೆಯನ್ನು ಹೊರಡಿಸುವ ಅನುಕೂಲಕ್ಕಾಗಿ ಮಾಡಿದುದೆಂದು ತೋರುತ್ತದೆ.

ನಿಜವಾದ ನಷ್ಟವೆಂದರೆ ಮೂಲದ ಹಳೆಯ ಸೈನಿಕನದು. ಮೂಲದಲ್ಲಿ ಆ ಕಾಲಿಲ್ಲದವನು ಕರ್ಕನಿಗೆ ನೆರವಾಗಿ, ಆ ನೆರವಿನ ಫಲವಾಗಿಯೇ ಬೆಕ್ವಿತನ ಆಯುಧಕ್ಕೆ ಬಲಿಯಾಗುತ್ತಾನೆ. ಅವನ ಸಾವಿನಿಂದ ಕಾಲಪ್ರವಾಹದಲ್ಲಿ ಒಂದು ಅಲೆಯೂ ಏಳುವುದಿಲ್ಲ. ದೇಶಕ್ಕಾಗಿ ಕಾಲುಗಳನ್ನು ಕೊಟ್ಟವನು ಚರಿತ್ರೆಯ ಲೆಕ್ಕದಲ್ಲಿ ನಗಣ್ಯ. ಆ ನೋವನ್ನು ಪಾತ್ರಗಳ ಬಾಯಿಂದಲೇ ಎಲಿಸನ್ನರು ಆಡಿಸುತ್ತಾರೆ. ಈಡಿತಳ ಸಾವಿಗೆ ಎದುರಾಗಿ ಈ ಸಾವನ್ನು ಇಟ್ಟುದರಿಂದ ಮೂಲಪಾಠಕ್ಕೆ ಒಂದು ತೂಕ ಒದಗಿದೆ: ಕಾಲವು ಒಬ್ಬರನ್ನು ಎಣಿಸುತ್ತದೆ, ಇನ್ನೊಬ್ಬರನ್ನು ಎಣಿಸುವುದಿಲ್ಲ, ಪ್ರಾಣದ ಬೆಲೆ ಮ್ಯಾತ್ರ ಇಬ್ಬರಿಗೂ ಒಂದೇ.

ಪ್ರದರ್ಶಿತಪಾಠದಲ್ಲಿಯೂ ಬಡವನೊಬ್ಬನು ಸಾಯುತ್ತಾನೆ. ಹಾಲಿನ ಸೀಸೆಯನ್ನು ಕದ್ದು ನಿಂತಿದ್ದ ನಿರ್ಗತಿಕನೊಬ್ಬನು ಮೂರ್ಛೆಹೋದ ಮೆಕಾಯನ ಕಿರಣಾಯುಧವನ್ನು ಎತ್ತಿಕೊಂಡು, ಅದೇನೆಂದು ತಿಳಿಯದೆ ಒತ್ತಿ, ಇದ್ದಲ್ಲಿಯೇ ಇಲ್ಲವಾಗುತ್ತಾನೆ. ಕಥೆ ಅವನನ್ನು ಮತ್ತೆ ನೆನೆಯುವುದಿಲ್ಲ. ಅವನ ಮರಣದಿಂದ ಚರಿತ್ರೆಗೆ ಏನಾಯಿತೆಂದು ಸ್ಪಾಕ್ ಕೇಳುವುದಿಲ್ಲ. ಕರ್ಕನಿಗೆ ಅದು ತಿಳಿಯುವುದೂ ಇಲ್ಲ. ಒಬ್ಬ ವ್ಯಕ್ತಿಯ ಸಾವಿನ ಮೇಲೆ ಲೋಕವೇ ನಿಂತಿದೆಯೆಂದು ಹೇಳುವ ಕಥೆ ಇನ್ನೊಬ್ಬನ ಸಾವನ್ನು ಹೀಗೆ ಮರೆಯುವುದು ವಸ್ತುವಿಗೇ ವಿರುದ್ಧವಾದುದು. ಮೂಲಪಾಠವನ್ನು ಓದದವರಿಗೂ ಈ ಎಡೆಯಲ್ಲಿ ಏನೋ ಬಿಟ್ಟುಹೋಗಿದೆಯೆಂಬ ಭಾವನೆ ಉಂಟಾದರೆ ಆಶ್ಚರ್ಯವಿಲ್ಲ. ಬಿಟ್ಟುಹೋಗಿರುವುದು ಆ ಹಳೆಯ ಸೈನಿಕನೇ.

೭

ಒಟ್ಟಿನ ಮೇಲೆ ಹೇಳುವುದಾದರೆ, ವಸ್ತುಕಲ್ಪನೆಯೂ ದೃಷ್ಟಿಯ ವೈಶಾಲ್ಯವೂ ಎಲಿಸನ್ನರವು. ಮುಕ್ತಾಯದ ಬಿಗುವು ತಿದ್ದಿದವರದು. ಅಂಚಿನಲ್ಲಿ ನಿಂತವರನ್ನು ಮೂಲಪಾಠ ಕಂಡಿತು. ನಡುವೆ ನಿಂತವನ ಹೊಣೆಯನ್ನು ಪ್ರದರ್ಶಿತಪಾಠ ಕಂಡಿತು. ಎರಡನ್ನೂ ಬೆರಸಿ ಮೂರನೆಯ ಪಾಠವೊಂದನ್ನು ಕಟ್ಟುವ ಆಸೆ ಓದುವವರಿಗೆ ಸಹಜವಾಗಿ ಹುಟ್ಟುತ್ತದೆ. ಅದು ಆಗುವ ಮಾತಲ್ಲ. ಬೆಕ್ವಿತನನ್ನು ಉಳಿಸಿಕೊಂಡರೆ ವೈದ್ಯನನ್ನು ತಡೆಯುವ ಸನ್ನಿವೇಶವಿಲ್ಲ. ಬೆಕ್ವಿತ್ ಹೋದರೆ ಹಳೆಯ ಸೈನಿಕನನ್ನು ಕೊಲ್ಲುವ ಕೈಯೂ ಹೋಗುತ್ತದೆ. ಒಂದರ ಗುಣವನ್ನು ಪಡೆಯಬೇಕಾದರೆ ಇನ್ನೊಂದರ ಗುಣವನ್ನು ಬಿಡಲೇಬೇಕು. ಇಂಥಲ್ಲಿ ಎರಡು ಪಾಠಗಳನ್ನೂ ಬೇರೆಬೇರೆಯಾಗಿ ಉಳಿಸಿಕೊಂಡು ಓದುವುದೇ ವಿವೇಕ. ಪ್ರಶಸ್ತಿ ಕೊಟ್ಟ ಎರಡು ಸಭೆಗಳೂ ತಿಳಿಯದೆಯೇ ಮಾಡಿದುದು ಅದನ್ನೇ.

ಕಥೆಯ ಕಡೆಯ ಮಾತುಗಳನ್ನು ಗಮನಿಸಿದರೆ ತಿದ್ದಿದವರ ಸಂಯಮ ಮತ್ತೊಮ್ಮೆ ತಿಳಿಯುತ್ತದೆ. ಮೂವರೂ ದ್ವಾರದಿಂದ ಹೊರಗೆ ಬರುತ್ತಾರೆ. ಕಾಲವು ತನ್ನ ಮೊದಲಿನ ರೂಪಕ್ಕೆ ಮರಳಿದೆ, ಇಂಥ ಯಾತ್ರೆಗಳು ಇನ್ನೂ ಎಷ್ಟೋ ಸಾಧ್ಯ ಎಂದು ಕಾವಲುಗಾರ ಆಹ್ವಾನಿಸುತ್ತದೆ. ನೌಕೆ ಸಂಪರ್ಕಕ್ಕೆ ಸಿಕ್ಕಿತೆಂಬ ಸುದ್ದಿ ಬರುತ್ತದೆ. ಮಾನವನ ಸಮಸ್ತ ಚರಿತ್ರೆಯೂ ಎದುರಿಗೆ ತೆರೆದು ನಿಂತಿರುವಾಗ, ಅದಕ್ಕಾಗಿ ಬೆಲೆಯನ್ನು ತೆತ್ತವನು ಅತ್ತ ನೋಡುವುದೂ ಇಲ್ಲ. ಈ ಹಾಳು ಜಾಗದಿಂದ ಹೊರಟುಹೋಗೋಣವೆಂದು ಒಂದೇ ಒರಟು ಮಾತಿನಲ್ಲಿ ಅಪ್ಪಣೆ ಕೊಡುತ್ತಾನೆ. ಅವರು ಮಾಯವಾಗುತ್ತಾರೆ, ಗಾಳಿ ಬೀಸುವ ಪಾಳುನೆಲದಲ್ಲಿ ಕಲ್ಲಿನ ದ್ವಾರ ಮಾತ್ರ ಉಳಿಯುತ್ತದೆ.